ನ್ಯಾಯಪೀಠವೂ ಲೇಖನಿಯೂ

ಮಗನು ಕಾನೂನು ಓದಿ ನಾಲ್ಕು ಜನರ ನಡುವೆ ನಿಲ್ಲುವಂತಾಗಬೇಕೆಂದು ತಂದೆಯ ಆಸೆ. ಮಗನಿಗೋ ಕಥೆ ಬರೆಯುವ ಹುಚ್ಚು. "ಎರಡು ದೋಣಿಯಲ್ಲಿ ಕಾಲಿಟ್ಟವನು ದಡ ಸೇರಲಾರನಪ್ಪ" ಎಂದು ತಂದೆ ಎಚ್ಚರಿಸುತ್ತಾರೆ. ತಾಯಿ ತುಪ್ಪ ಬಡಿಸುವ ನೆಪದಿಂದ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ಪಟ್ಟಣದ ಎಷ್ಟೋ ಮನೆಗಳಲ್ಲಿ ಇತ್ಯರ್ಥವಾಗದೆ ಉಳಿದಿರುವ ವ್ಯಾಜ್ಯವಿದು.

ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ರೈಲು ಮಾಲೂರನ್ನು ದಾಟಿದರೆ ಟೇಕಲ್ಲಿನ ಬಂಡೆಗುಡ್ಡಗಳು ಕಾಣಿಸುತ್ತವೆ. ಅದೇ ಮಾಲೂರು ತಾಲ್ಲೂಕಿನ ಮತ್ತೊಂದು ಹೋಬಳಿ ಮಾಸ್ತಿ. ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ೧೮೯೧ರ ಜೂನ್ ೬ರಂದು ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಆದರೆ ನಾಡು ಅವರನ್ನು 'ಕನ್ನಡದ ಆಸ್ತಿ' ಎಂದು ಕರೆಯಿತು.

ಮಾಸ್ತಿಯವರು ಕರಿಯ ಕೋಟು ತೊಟ್ಟ ವಕೀಲರಲ್ಲ. ೧೯೧೪ರ ಹೊತ್ತಿಗೆ ಮೈಸೂರು ಸಂಸ್ಥಾನದ ಸಿವಿಲ್ ಸೇವೆಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಜಿಲ್ಲಾಧಿಕಾರದವರೆಗೆ ಏರಿದವರು. ಆ ಕಾಲದಲ್ಲಿ ಇಂಥ ಅಧಿಕಾರಿಗಳಿಗೆ ಕಂದಾಯದ ಲೆಕ್ಕದೊಡನೆ ಮ್ಯಾಜಿಸ್ಟ್ರೇಟರ ಅಧಿಕಾರವೂ ಕೂಡಿಬರುತ್ತಿತ್ತು. ಜಮೀನಿನ ತಗಾದೆ, ದಾಯಾದಿಗಳ ಜಗಳ, ಹೊಡೆದಾಟದ ದೂರು—ಊರಿನ ದುಃಖವೆಲ್ಲ ಅರ್ಜಿಯ ರೂಪದಲ್ಲಿ ಮೇಜಿನ ಮೇಲೆ ಬಂದು ಬೀಳುತ್ತಿದ್ದ ಕಾಲ ಅದು. ಕಚೇರಿಯ ದುಡಿಮೆಯ ನಡುವೆಯೇ 'ಶ್ರೀನಿವಾಸ' ಎಂಬ ಕಾವ್ಯನಾಮದ ಸಣ್ಣ ಕಥೆಗಳು ಹುಟ್ಟಿದುವು. ೧೯೨೦ರಲ್ಲಿ 'ಕೆಲವು ಸಣ್ಣ ಕಥೆಗಳು' ಪುಸ್ತಕವಾಗಿ ಹೊರಬಂದಿತು.

ನ್ಯಾಯಶಾಸ್ತ್ರಕ್ಕೆ ಎರಡು ಹಳೆಯ ಸೂತ್ರಗಳುಂಟು. ಎರಡು ಕಡೆಯ ಮಾತನ್ನೂ ಕೇಳಬೇಕೆಂಬುದು ಮೊದಲನೆಯದು. ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪುಗಾರನಾಗಬಾರದೆಂಬುದು ಎರಡನೆಯದು. ಮೊದಲನೆಯದನ್ನು ಕಥೆಗಾರನಿಗೆ ಯಾರೂ ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿಲ್ಲ ಎಂದು ತೋರಬಹುದು. ಆದರೆ ಅದನ್ನು ಪಾಲಿಸುವವರು ವಿರಳ. ೧೯೫೬ರ 'ಚಿಕವೀರರಾಜೇಂದ್ರ' ಕಾದಂಬರಿಯನ್ನು ನೋಡಬೇಕು. ೧೮೩೪ರಲ್ಲಿ ಕೊಡಗು ಇಂಗ್ಲಿಷರ ವಶವಾದದ್ದಕ್ಕೆ ಯಾರು ಹೊಣೆ? ಅರಸನ ದುರ್ನಡತೆಯನ್ನು ಅಲ್ಲಿ ಮುಚ್ಚಿಟ್ಟಿಲ್ಲ. ಆದರೂ ಅವನನ್ನು ಕೇವಲ ರಾಕ್ಷಸನೆಂದು ಚಿತ್ರಿಸಿಲ್ಲ. ಕುಂಟ ಬಸವನಿಗೂ ಅವನದೇ ಆದ ನೋವುಂಟು. ಅರಸನಿಗೆ ನಿಷ್ಠನಾಗಿರಬೇಕೋ ನಾಡಿಗೋ ಎಂದು ತೊಳಲುವ ಬೋಪಣ್ಣನಿಗೆ ಸುಲಭದ ಬಿಡುಗಡೆಯಿಲ್ಲ. ಪ್ರತಿಯೊಬ್ಬರ ಹೇಳಿಕೆಯನ್ನೂ ಸಮಾಧಾನದಿಂದ ದಾಖಲಿಸಿಕೊಂಡ ಮನಸ್ಸು ಮಾತ್ರ ಇಂಥ ಪುಸ್ತಕವನ್ನು ಬರೆಯಬಲ್ಲದು.

ಎರಡನೆಯ ಸೂತ್ರ ಇನ್ನೂ ಕಠಿಣ. ಬರೆಯುವವನೇ ಸಾಹಿತ್ಯಸಂಸ್ಥೆಯ ಪೀಠದಲ್ಲಿ ಕುಳಿತಾಗ ಅದರ ಪರೀಕ್ಷೆಯಾಗುತ್ತದೆ. ಯಾರ ಪುಸ್ತಕಕ್ಕೆ ಬಹುಮಾನ, ಯಾವ ಕಲೆಗೆ ಧನಸಹಾಯ ಎಂದು ನಿರ್ಣಯಿಸುವ ಕೈಯಲ್ಲಿ ತನ್ನದೂ ಒಂದು ಹಸ್ತಪ್ರತಿಯಿದ್ದರೆ ತಕ್ಕಡಿ ಅಲುಗದೆ ಇರುವುದು ಹೇಗೆ? ಕನ್ನಡ ಸಾಹಿತ್ಯ ಪರಿಷತ್ತು ೧೯೧೫ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ಎಚ್. ವಿ. ನಂಜುಂಡಯ್ಯನವರು, ಮೈಸೂರಿನ ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದವರು. ಕಾನೂನಿನ ವಿಷಯವನ್ನು ಕನ್ನಡದಲ್ಲಿ ತಿಳಿಸುವ 'ವ್ಯವಹಾರ ದೀಪಿಕೆ'ಯ ಕರ್ತೃವೂ ಅವರೇ. ಎಳೆಯ ಸಂಸ್ಥೆಗೆ ಉತ್ಸಾಹದಷ್ಟೇ ನಿಯಮವೂ ಬೇಕು. ನಿಯಮದ ಬೆಲೆ ನ್ಯಾಯಪೀಠದಲ್ಲಿ ಕುಳಿತವರಿಗೆ ಚೆನ್ನಾಗಿ ಗೊತ್ತು.

ಅದೇ ಪರಿಷತ್ತಿನ ದಾರಿಯಲ್ಲಿ ಮಾಸ್ತಿಯವರೂ ನಡೆದರು. ಅಧಿಕಾರದಲ್ಲಿದ್ದಾಗಲೇ, ೧೯೨೯ರಲ್ಲಿ, ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ೧೯೫೩ರಲ್ಲಿ ಪರಿಷತ್ತಿನ ಅಧ್ಯಕ್ಷ ಪದವಿಯನ್ನು ವಹಿಸಿಕೊಂಡರು. ೧೯೪೪ರಿಂದ ಸುಮಾರು ಎರಡು ದಶಕಗಳ ಕಾಲ 'ಜೀವನ' ಪತ್ರಿಕೆಯ ಸಂಪಾದಕರಾಗಿ ಇತರರ ಬರಹಗಳಿಗೆ ಎಡೆಮಾಡಿಕೊಟ್ಟರು. ಸ್ವಂತ ಲೇಖನಿಯನ್ನು ಬದಿಗಿಟ್ಟು ಪರರ ಹಸ್ತಪ್ರತಿಯನ್ನು ತಿದ್ದುವುದು ಕೀರ್ತಿ ತರುವ ಕೆಲಸವಲ್ಲ. ಭಾಷೆ ಬೆಳೆಯುವುದು ಅದರಿಂದಲೇ.

ಇದಕ್ಕೆಲ್ಲ ಬೆಲೆಯಿಲ್ಲವೆಂದಲ್ಲ. ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ದೊರೆತಾಗ, ೧೯೪೩ರಲ್ಲಿ, ಮಾಸ್ತಿಯವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. 'ಚನ್ನಬಸವನಾಯಕ', 'ಚಿಕವೀರರಾಜೇಂದ್ರ' ಎಂಬ ಎರಡು ದೊಡ್ಡ ಚಾರಿತ್ರಿಕ ಕಾದಂಬರಿಗಳು ಪ್ರಕಟವಾದದ್ದು ಆ ಬಳಿಕವೇ. ಸಣ್ಣ ಕಥೆಗೆ ಭಾನುವಾರ ಸಾಕಾದೀತು. ಕಾದಂಬರಿಗೆ ವರ್ಷಗಳೇ ಬೇಕು. ಆ ಮಟ್ಟಿಗೆ ತಂದೆಯ ವಾದದಲ್ಲಿಯೂ ಹುರುಳಿದೆಯೆಂದು ಒಪ್ಪಬೇಕು. ಆದರೆ ಆ ವರ್ಷಗಳು ಒದಗಿದಾಗ ತುಂಬಿಡಲು ಬೇಕಾದ ಮನುಷ್ಯಜ್ಞಾನವನ್ನು ಕೂಡಿಸಿಕೊಟ್ಟದ್ದು ಅದೇ ಕಚೇರಿ. 'ಚಿಕವೀರರಾಜೇಂದ್ರ'ಕ್ಕೆ ೧೯೮೩ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಮಾಸ್ತಿಯವರು ತೊಂಬತ್ತು ದಾಟಿದ್ದರು.

ಸಾಹಿತ್ಯವೂ ನ್ಯಾಯಾಲಯದಂತೆ ಉದಾರವಾಗಿ ವಾಯಿದೆ ಕೊಡುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ ಕಾಯಲೂ ಸಿದ್ಧ. ಆದರೆ ಪ್ರತಿ ವಾಯಿದೆಗೂ, ಅರ್ಧ ಗಂಟೆಯ ಮಟ್ಟಿಗಾದರೂ, ಹಾಜರಾಗಬೇಕು; ಗೈರುಹಾಜರಾದವನ ದಾವೆ ಅಲ್ಲಿಯೂ ವಜಾ ಆಗುತ್ತದೆ.