ಕಾವಿಯೊಂದರಲ್ಲೇ ಶುಭಾಶಯ

ಒಂದೇ ಬಣ್ಣದ ತಿಳಿ ಮತ್ತು ಗಾಢ ಛಾಯೆಗಳನ್ನಷ್ಟೇ ಬಳಸಿ ರಚಿಸುವ ಚಿತ್ರಕ್ಕೆ ಏಕವರ್ಣ ಚಿತ್ರವೆಂದು ಹೆಸರು. ಈ ಕಟ್ಟುಪಾಡಿಗೆ ಒಳಪಟ್ಟು ಶುಭಾಶಯ ಪತ್ರವನ್ನು ಕೈಯಾರೆ ತಯಾರಿಸುವ ಹವ್ಯಾಸವು ಹೊರಗಿನವರಿಗೆ ವ್ರತದಂತೆ ಕಂಡರೂ, ಅದರಲ್ಲಿ ತೊಡಗಿದವರಿಗೆ ಹಬ್ಬವೇ ಸರಿ. ಭದ್ರಾವತಿಯ ಜನ್ನಾಪುರದಲ್ಲಿ ಕುಳಿತು ಇದಕ್ಕೆ ಬಣ್ಣ ಆರಿಸುವವರಿಗೆ ಕಾವಿಗಿಂತ ಸಹಜವಾದುದು ದೊರೆಯಲಾರದು. ಕಾವಿಯ ಕೆಂಪು ಕಬ್ಬಿಣದ ಆಕ್ಸೈಡಿನದು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ 1923ರಿಂದ ಕಬ್ಬಿಣ ತೆಗೆದ ಊರು ಇದು, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದಾಗಿ (ಎಂಪಿಎಂ) ಕಾಗದದ ಊರೂ ಆಗಿತ್ತು. ಸಾಗರದ ಕಡೆಯ ದೀವರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆಯುವ ಹಸೆ ಚಿತ್ತಾರವೂ, ಸುಣ್ಣದ ಗಾರೆಗೆ ಕಾವಿ ಬಳಿದು ಅದನ್ನು ಕೆತ್ತಿ ಬಿಳುಪನ್ನು ಹೊರತೆಗೆಯುವ ಕರಾವಳಿ ದೇಗುಲಗಳ ಕಾವಿ ಕಲೆಯೂ ಈ ಕೆಂಪಿನ ಕಸುವನ್ನು ಬಹುಕಾಲದಿಂದ ಬಲ್ಲವು.

ಕೆಲಸ ಆರಂಭವಾಗುವುದು ಕಾಗದದಿಂದ. ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕವನ್ನು ಜಿಎಸ್‌ಎಂ ಎನ್ನುತ್ತಾರೆ; ಕಾರ್ಡು ನೆಟ್ಟಗೆ ನಿಲ್ಲಲು ಸುಮಾರು 250 ಜಿಎಸ್‌ಎಂನ ಹಾಳೆ ಒಳ್ಳೆಯದು. ಯಂತ್ರದಲ್ಲಿ ಕಾಗದ ಸಾಗುವಾಗ ಅದರ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗುವುದರಿಂದ, ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ದಿಕ್ಕಿನಲ್ಲೇ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೀರಿ ಮಡಿಸಿದರೆ ಅಂಚು ಬಿರಿಯುವುದಿಲ್ಲ.

ಛಾಯೆಗಳನ್ನು ಹುಟ್ಟಿಸುವುದರಲ್ಲಿ ಈ ಹವ್ಯಾಸದ ರುಚಿಯೆಲ್ಲ ಅಡಗಿದೆ. ಕಾವಿಗೆ ಬಿಳಿ ಬೆರೆಸಿದರೆ ಅದು ತುಸು ತಂಪಾಗಿ ಗುಲಾಬಿಯತ್ತ ವಾಲುತ್ತದೆ. ನೀರನ್ನಷ್ಟೇ ಬೆರೆಸಿ ತೆಳುವಾಗಿ ಹರಡಿದರೆ ಕಾಗದದ ಬಿಳುಪೇ ಒಳಗಿನಿಂದ ಇಣುಕಿ, ತಿಳಿಯಾದರೂ ಬೆಚ್ಚಗಿರುತ್ತದೆ. ಒಂದಿಷ್ಟು ಕಪ್ಪು ಸೇರಿದರೆ ಕಾಯಿಸಿದ ಬೆಲ್ಲದ ಗಾಢತೆ ಬರುತ್ತದೆ. ಒದ್ದೆಯಲ್ಲಿ ಕಂಡ ಛಾಯೆ ಒಣಗಿದಾಗ ಬದಲಾಗುವುದರಿಂದ, ಬೇರೆ ತುಂಡು ಕಾಗದದ ಮೇಲೆ ತಿಳಿಯಿಂದ ಗಾಢದವರೆಗೆ ಐದು ಮೆಟ್ಟಿಲು ಬಳಿದು, ಒಣಗಿಸಿ, ಕಣ್ಣು ಕಿರಿದಾಗಿಸಿ ನೋಡುವುದು ವಾಡಿಕೆ. ಆಗಲೂ ಪ್ರತ್ಯೇಕವಾಗಿ ತೋರುವ ಮೆಟ್ಟಿಲುಗಳಷ್ಟೇ ಚಿತ್ರದಲ್ಲಿ ಉಳಿಯುತ್ತವೆ.

ಯುಗಾದಿಯ ಕಾರ್ಡಿಗೆ ಮಾವಿನ ತೋರಣ ಬರೆಯುವಾಗ ಒಂದೇ ಬಣ್ಣದ ನಿಯಮದ ಬಿಗಿ ಅರಿವಾಗುತ್ತದೆ. ಹಸಿರು ಬಳಿದಿದ್ದರೆ ಸೊಟ್ಟ ಆಕಾರವೂ ಎಲೆಯೆನಿಸಿಕೊಳ್ಳುತ್ತಿತ್ತು. ಕಾವಿಯಲ್ಲಾದರೋ ನೀಳ ತುದಿ, ನಡುನರ, ಅಲೆಯುವ ಅಂಚು ಮೂರೂ ಸರಿಯಾಗಿದ್ದರಷ್ಟೇ ಅದು ಮಾವಿನೆಲೆ. ಎಲೆಗಳನ್ನು ಬೇರೆ ಕಾಗದದಲ್ಲಿ ಕತ್ತರಿಸಿ ತೊಟ್ಟಿಗೆ ಮಾತ್ರ ಅಂಟು ಹಚ್ಚಿ ತುದಿ ಎತ್ತಿದರೆ, ಅವುಗಳ ನೆರಳು ಯಾರೂ ಬೆರೆಸದ ಆರನೆಯ ಛಾಯೆಯಾಗಿ ಒದಗುತ್ತದೆ. ಒಳಗಿನ ಒಕ್ಕಣೆಯನ್ನು ಅದೇ ಗಾಢ ಕಾವಿಯಲ್ಲಿ ಬರೆದಾಗ ಅಕ್ಷರದ ಬಳುಕೂ ತೋರಣದ ದಾರದ ಬಳುಕೂ ಒಂದೇ ಕೈಯವೆಂದು ಕಾಣುತ್ತದೆ. ಅಚ್ಚಿನ ಕಾರ್ಡಿನಲ್ಲಿ ಚಿತ್ರ ಒಬ್ಬರದು, ಸಹಿ ಇನ್ನೊಬ್ಬರದು ಆಗಿರುವುದರಿಂದ ಈ ಒಗ್ಗಟ್ಟು ಅದಕ್ಕೆ ಸಿದ್ಧಿಸದು.