ಎರಡನೇ ಸಲ ಹೊಟ್ಟೆ ಕುಯ್ಯಿಸ್ಕಳೋದಾ, ಬ್ಯಾಡ್ವಾ?

ಎರಡು ವರ್ಷದಿಂದ ನಾನು ಮಲಗಿ ನಿದ್ದೆ ಮಾಡಿಲ್ಲ. ಗೋಡೆಗೆ ಎರಡು ದಿಂಬು ಒರಗಿಸ್ಕಂಡು ಕುಂತ್ಕಂಡೇ ನಿದ್ದೆ. ಮೈ ಚಾಚಿದ್ರೆ ಸಾಕು, ಹುಳಿನೀರು ಗಂಟ್ಲಿಗೆ ಬತ್ತೈತೆ, ಎದೆ ಒಲೆ ಹಚ್ಚಿದಂಗೆ ಉರೀತೈತೆ. ನಮ್ಮತ್ತೆ ಜೀರಿಗೆ ಕಷಾಯ ಮಾಡಿಕೊಟ್ರು, ಮಜ್ಜಿಗೆ ಕೊಟ್ರು. ಯಾವ್ದೂ ನಾಟಲಿಲ್ಲ. ಅದು ನಾಟೋ ಅಂಥ ಉರಿ ಅಲ್ಲ ಅಂತ ನಂಗೊಬ್ಳಿಗೇ ಗೊತ್ತಿತ್ತು.

ವಿಷ್ಯ ಏನಂದ್ರೆ, 2019ರಲ್ಲಿ ನಂಗೆ ತೂಕ ಇಳಿಸೋ ಆಪರೇಷನ್ ಆಗೈತೆ. ಊರಲ್ಲಿ ಯಾರಿಗೂ ಹೇಳಿರ್ಲಿಲ್ಲ. ಪಿತ್ತಕೋಶದಲ್ಲಿ ಕಲ್ಲಿತ್ತು, ತೆಗೆಸ್ಕಂಡು ಬಂದೆ ಅಂದಿದ್ದೆ. ನಮ್ಮೆಜಮಾನ್ರಿಗೆ, ಮಗಳಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ ಅಂದ್ಕಂಡಿದ್ದೆ.

ಆಗ ನಾನು 110 ಕೆ.ಜಿ. ಇದ್ದೆ, ಎತ್ತರ ಐದಡಿ ಒಂದಿಂಚು. ಸಕ್ಕರೆ ಕಾಯಿಲೆ, ಮಂಡಿನೋವು, ನಾಲ್ಕು ಮೆಟ್ಲು ಹತ್ತಿದ್ರೆ ಏದುಸಿರು. ನಮ್ದು ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿ ಹತ್ರ ಹಣ್ಣು-ಕಾಯಿ ಅಂಗಡಿ. ಶುಕ್ರವಾರ ಬಂತು ಅಂದ್ರೆ ಕಾಲಿಡಕ್ಕೆ ಜಾಗ ಇರಲ್ಲ, ಅವತ್ತೂ ನಾನು ಸ್ಟೂಲು ಬಿಟ್ಟು ಏಳಕ್ಕೆ ಆಗ್ತಿರ್ಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. ವಿಮೆ ಇರ್ಲಿಲ್ಲ, ಎರಡೆಳೆ ಸರ ಅಡ ಇಟ್ವಿ. ಸ್ಲೀವ್ ಅಂತಾರೆ ಇದಕ್ಕೆ. ಜಠರದಲ್ಲಿ ಮುಕ್ಕಾಲು ಭಾಗದಷ್ಟು ಕತ್ತರಿಸಿ ತೆಗೆದು, ಬಾಳೆಕಾಯಿ ಆಕಾರಕ್ಕೆ ಸಣ್ಣ ಕೊಳವೆ ಉಳಿಸ್ತಾರೆ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತೆಗೆದ ಭಾಗದಲ್ಲೇ ತಯಾರಾಗ್ತಿತ್ತಂತೆ, ಅದ್ಕೇ ಮೊದಮೊದ್ಲು ಹಸಿವೇ ಇರಲ್ಲ.

ನಿಜವಾಗ್ಲೂ ಇರ್ಲಿಲ್ಲ. ಒಂದು ವರ್ಷಕ್ಕೆ 82 ಕೆ.ಜಿ.ಗೆ ಬಂದೆ. ಸಕ್ಕರೆ ಮಾತ್ರೆ ನಿಂತೋಯ್ತು. ಹಳೇ ರವಿಕೆ ಎಲ್ಲಾ ಒಳಕ್ಕೆ ಹಿಡಿದು ಹೊಲಿಸ್ಕಂಡೆ. ಕೇಳಿದೋರಿಗೆ 'ಕಲ್ಲು ತೆಗೆಸಿದ್ಮ್ಯಾಲೆ ಊಟ ಸೇರಲ್ಲ ಕಣಕ್ಕ' ಅಂದೆ.

ಆದ್ರೆ ಒಂದು ತೊಂದ್ರೆ ಇತ್ತು. ನಮ್ಮ ಸೀಮೆಯೋರು ಮುದ್ದೆ ಅಗಿಯಲ್ಲ, ನುಂಗ್ತೀವಿ. ಈ ಸಣ್ಣ ಜಠರಕ್ಕೆ ನುಂಗಿದ್ದು ಇಳಿಯಲ್ಲ. ಎದೆ ಹತ್ರ ಕಲ್ಲಿಟ್ಟಂಗೆ ನಿಂತ್ಕಂಡು, ಹಿತ್ಲಿಗೆ ಓಡೋಗಿ ವಾಂತಿ ಮಾಡ್ಬೇಕು. ಮುದ್ದೆ ಹೋಯ್ತು, ಹುರುಳಿಕಾಳು ಸಾರು ಹೋಯ್ತು, ಗಟ್ಟಿ ಇರೋದೆಲ್ಲಾ ದೂರ ಆಯ್ತು. ಸಲೀಸಾಗಿ ಇಳೀತಿದ್ದುದು ಯಾವ್ದು? ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕಡ್ಲೆಪುರಿ, ಬತ್ತಾಸು, ನಿಪ್ಪಟ್ಟು. ಅಂಗಡಿಯಲ್ಲಿ ಕೈಗೆ ಎಟುಕೋ ಅಷ್ಟು ದೂರದಲ್ಲೇ ಪುರಿ ಮೂಟೆ.

2020ರ ಯುಗಾದಿ ದಿನವೇ ದೇಶಕ್ಕೆಲ್ಲಾ ಲಾಕ್‌ಡೌನ್ ಆಯ್ತು, ನೆನಪೈತಲ್ಲ. ಗುಡಿ ಬಾಗ್ಲು ಹಾಕ್ತು, ಅಂಗಡಿ ಹಾಕ್ತು. ಬೆಂಗಳೂರಿಗೆ ಹೋಗಿ ತೋರಿಸ್ಕಳೋದು ತಪ್ಪೋಯ್ತು, ಆಮ್ಯಾಲೂ ಹೋಗ್ಲಿಲ್ಲ. ಮದುವೆ-ಮುಂಜಿ ಶುರುವಾದಾಗ 'ಕಲ್ಲು ತೆಗೆಸಿ ಮೂರು ವರ್ಷ ಆಯ್ತಲ್ಲ, ಇನ್ನೇನು? ಹಾಕಿಸ್ಕ' ಅಂತ ಒಬ್ಬಟ್ಟಿನ ಮ್ಯಾಲೆ ತುಪ್ಪ ಸುರಿಯೋರು. ಬ್ಯಾಡ ಅನ್ನಕ್ಕೆ ಕಾರಣ ಹೇಳ್ಬೇಕಲ್ಲ? ಸುಳ್ಳು ಹೇಳಿದ್ದು ನಾನೇ, ತಿಂದೆ. 82 ಹೋಗಿ 88 ಆಯ್ತು, 93 ಆಯ್ತು, ಈಗ 97. ಸಕ್ಕರೆ ಮಾತ್ರೆ ವಾಪಸ್ ಬಂತು. ಜೊತೆಗೆ ಈ ಎದೆಯುರಿ.

ಮಗಳು ಬೆಂಗಳೂರಲ್ಲಿ ಕೆಲಸದಲ್ಲವ್ಳೆ. 'ಅಮ್ಮ, ಎರಡನೇ ಸಲ ಸರಿಮಾಡೋ ಆಪರೇಷನ್ ಇರುತ್ತೆ, ಬಾ ತೋರಿಸೋಣ' ಅಂದ್ಳು. ನನ್ನ ತಂಗಿಗೆ ಈ ಸಲ ನಿಜ ಹೇಳಿದೆ. ಅವಳು ಫೋನಲ್ಲೇ ಅತ್ತುಬಿಟ್ಳು. 'ಆ ಸೀರಿಯಲ್ ಹುಡುಗಿ ಗತಿ ನೋಡಿಲ್ವೇನೆ?' ಅಂದ್ಳು. ಅವಳು ಹೇಳಿದ್ದು ಚೇತನಾ ರಾಜ್ ವಿಷ್ಯ. 2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಕೊಬ್ಬು ತೆಗೆಸೋಕೆ ಹೋಗಿ ತೀರ್ಕಂಡ ಹುಡುಗಿ, ಬರೀ 21 ವರ್ಷ. ನೆನೆಸ್ಕಂಡ್ರೆ ಈಗ್ಲೂ ಹೊಟ್ಟೆ ಕಿವುಚ್ತೈತೆ. ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯೋದು, ಇದು ಜಠರದ ಆಪರೇಷನ್, ಎರಡೂ ಬ್ಯಾರೆ ಅಂತ ತಂಗಿಗೆ ಹೇಳಿದೆ. ಹೇಳಿದ್ನೇ ಹೊರ್ತು, ನಂಗೂ ಕೈಕಾಲು ತಣ್ಣಗಾಗಿತ್ತು.

ಈ ಸಲ ಹೋಗಿದ್ದು ಬ್ಯಾರೆ ಆಸ್ಪತ್ರೆಗೆ. ಡಾಕ್ಟ್ರು ಮೊದ್ಲು ಬಾಯಿಂದ ಟ್ಯೂಬ್ ಬಿಟ್ಟು ನೋಡಿದ್ರು. ಅನ್ನನಾಳದ ಕೆಳಗಡೆ ಹುಣ್ಣಾಗಿತ್ತು. ಸ್ಲೀವ್ ಆದ ಕೆಲವ್ರಿಗೆ ಹಿಂಗಾಗ್ತದಂತೆ. ಕೊಳವೆ ಸಣ್ಣದು, ಒಳಗಡೆ ಒತ್ತಡ ಜಾಸ್ತಿ, ಹುಳಿ ಮ್ಯಾಲಕ್ಕೇ ನುಗ್ತದೆ. ಅದ್ನ ಬೈಪಾಸ್ ಮಾಡಿದ್ರೆ, ಅಂದ್ರೆ ಜಠರದ ಮ್ಯಾಲ್ಗಡೆ ಸಣ್ಣ ಚೀಲ ಉಳಿಸಿ ಅದಕ್ಕೆ ನೇರ ಸಣ್ಣಕರುಳು ಜೋಡಿಸಿದ್ರೆ, ಉರಿ ಕಮ್ಮಿ ಆಗೋ ಸಾಧ್ಯತೆ ಚೆನ್ನಾಗೈತೆ ಅಂದ್ರು.

ನಾನು ಕೇಳಿದ್ದು ಬ್ಯಾರೆ. 'ತೂಕ ಎಷ್ಟು ಇಳೀತದೆ ಡಾಕ್ಟ್ರೇ?'

ಅವ್ರು ಸುಳ್ಳು ಆಸೆ ತೋರಿಸ್ಲಿಲ್ಲ. ಎರಡನೇ ಆಪರೇಷನ್ ಸಾಮಾನ್ಯವಾಗಿ ಮೊದಲ್ನೇದ್ರಷ್ಟು ಇಳಿಸಲ್ಲ, ಅಪಾಯ ಮೊದಲ್ನೇದಕ್ಕಿಂತ ಜಾಸ್ತಿ, ಕುಯ್ದ ಜಾಗದಲ್ಲೇ ಮತ್ತೆ ಕುಯ್ಬೇಕು ಅಂದ್ರು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ. ಮಂಡಿನೋವಿಗೆ ಮೆಡಿಕಲ್ ಸ್ಟೋರಿಂದ ತಗಂಡು ನುಂಗೋ ಮಾತ್ರೆ ಬಿಡ್ಬೇಕು, ಜೋಡಿಸಿದ ಜಾಗದಲ್ಲಿ ಹುಣ್ಣಾಗ್ತದೆ. ಸಿಹಿ ತಿಂದ್ರೆ ಬೆವರು, ತಲೆಸುತ್ತು, ಭೇದಿ ಆಗ್ಬಹುದು. ಕೊನೆಗೆ ಒಂದು ಮಾತಂದ್ರು: 'ತೂಕ ವಾಪಸ್ ಬಂದಿದ್ದೆಲ್ಲಾ ನಿಮ್ಮ ತಪ್ಪಲ್ಲಮ್ಮ, ಕಳಕೊಂಡಿದ್ದನ್ನ ವಾಪಸ್ ತಗಳೋಕೆ ಮೈಯೇ ಹೋರಾಡುತ್ತೆ. ಆದ್ರೆ ಏನು ತಿಂತೀರಿ ಅಂತ ಒಂದು ತಿಂಗಳು ಬರ್ಕೊಂಡು ಬನ್ನಿ. ಆಮೇಲೆ ಮಾತಾಡೋಣ.'

ಮೊದಲ್ನೇ ಸಲ ಹಿಂಗೆ ಯಾರೂ ಹೇಳಿರ್ಲಿಲ್ಲ. ಹತ್ತು ನಿಮಿಷ ಮಾತಾಡಿ ಇಂಗ್ಲಿಷ್ ಹಾಳೆ ಕೈಗಿಟ್ಟಿದ್ರು. ನಾನೂ ಕೇಳಿರ್ಲಿಲ್ಲ.

ಅಂಗಡಿ ಲೆಕ್ಕದ ಪುಸ್ತಕದ ಹಿಂದ್ಗಡೆಯಿಂದ ಬರೆಯಕ್ಕೆ ಶುರು ಮಾಡ್ದೆ. ಊಟದ ಲೆಕ್ಕ ಎರಡೇ ಸಾಲು: ಅರ್ಧ ಇಡ್ಲಿ, ನಾಕು ತುತ್ತು ಅನ್ನ-ಸಾರು. ಮಿಕ್ಕಿದ್ದೆಲ್ಲಾ ಕೈಯಾಡಿಸಿದ ಲೆಕ್ಕ. ಒಂದು ಶುಕ್ರವಾರ ಪುರಿ ಹನ್ನೊಂದು ಹಿಡಿ, ಸಕ್ಕರೆ ಹಾಕಿದ ಕಾಫಿ ಐದು ಲೋಟ, ಗಿರಾಕಿ ಕೊಟ್ಟ ಪ್ರಸಾದದ ಸಿಹಿ ಪೊಂಗಲ್ ಎರಡು ದೊನ್ನೆ. ನಾನು ಊಟ ಮಾಡ್ತಿರ್ಲಿಲ್ಲ, ಆದ್ರೆ ದಿನವೆಲ್ಲಾ ತಿಂತಿದ್ದೆ. ಬರೆದು ನೋಡೋ ತನಕ ನಂಗೇ ಗೊತ್ತಿರ್ಲಿಲ್ಲ.

ಅವತ್ತು ರಾತ್ರಿ ದಿಂಬಿಗೆ ಒರಗಿ ಕುಂತಾಗ ಅನ್ನಿಸ್ತು, ನಾನು ಎರಡು ಕಾಯಿಲೆನ ಒಂದೇ ಗಂಟು ಕಟ್ಟಿದೀನಿ. ಉರಿ ಒಂದು, ಕೈ ಇನ್ನೊಂದು. ಉರಿಗೆ ನನ್ನ ಹತ್ರ ಮದ್ದಿಲ್ಲ, ಮಾತ್ರೆಯೂ ನಾಟ್ತಿಲ್ಲ, ಡಾಕ್ಟ್ರ ಕತ್ತೀನೇ ಬೇಕು. ಪುರಿ ಮೂಟೆಗೆ ಹೋಗೋ ಕೈಯ ಯಾವ ಡಾಕ್ಟ್ರೂ ಕುಯ್ಯಲ್ಲ. ತೂಕಕ್ಕೆ ಅಂತ ಎರಡನೇ ಸಲ ಹೋದ್ರೆ ಇನ್ನೈದು ವರ್ಷಕ್ಕೆ ಹಿಂಗೇ ಕುಂತ್ಕಂಡು ಅಳ್ತೀನಿ. ಉರಿಗೆ ಅಂತ ಹೋದ್ರೆ, ಇಳಿದಷ್ಟು ಲಾಭ.

ಮೂರು ತಿಂಗಳು ಬರೆದೆ. ಪುರಿ ಮೂಟೆ ನಮ್ಮೆಜಮಾನ್ರ ಕಡೆಗೆ ಹೋಯ್ತು. ಮೊಟ್ಟೆ, ಬೇಳೆ, ಮೊಳಕೆ ಹೆಸರುಕಾಳು ಮೆತ್ತಗೆ ಬೇಯಿಸಿ, ಚೆನ್ನಾಗಿ ಅಗಿದು ತಿನ್ನೋದು ಕಲಿತೆ. ಮೂರು ಕೆ.ಜಿ. ಇಳೀತು. ಉರಿ ಮಾತ್ರ ಇಳೀಲಿಲ್ಲ. ಆಗ ಮಗಳಿಗೆ ಫೋನ್ ಮಾಡಿ 'ಆಗ್ಲಿ, ಮಾಡಿಸ್ಕಳ್ತೀನಿ' ಅಂದೆ. ಖರ್ಚಲ್ಲಿ ಒಂದಷ್ಟು ಅವಳ ಆಫೀಸಿನ ವಿಮೆ ಕೊಡ್ತದೆ, ಮಿಕ್ಕಿದ್ದು ನಮ್ದು. ಸರ ಈ ಸಲ ಅಡಕ್ಕೆ ಹೋಗಲ್ಲ.

ಆಮ್ಯಾಲೆ ಅತ್ತೆ ಹತ್ರ ಕುಂತು ಎಲ್ಲಾ ಹೇಳಿದೆ. ಅವ್ರು ಎಲೆಗೆ ಸುಣ್ಣ ಸವರ್ತಾ ಸುಮ್ನೆ ಕೇಳಿಸ್ಕಂಡ್ರು. 'ನಂಗೆ ಗೊತ್ತಿತ್ತು ಕಣವ್ವ. ಪಿತ್ತದ ಕಲ್ಲಿಗೆ ಯಾರು ಎರಡೆಳೆ ಸರ ಅಡ ಇಡ್ತಾರೆ? ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ' ಅಂದ್ರು. ಆರು ವರ್ಷ! ಗೊತ್ತಿದ್ದೂ ಹಬ್ಬಕ್ಕೆ ಒಬ್ಬಟ್ಟು ಬಡಿಸಿದ್ರಲ್ಲ ಅಂತ ಸಿಟ್ಟೂ ಬಂತು. 'ನೀನು ಬ್ಯಾಡ ಅಂದಿದ್ರೆ ತಾನೆ' ಅಂದ್ರು. ಅದೂ ಸರಿಯೇ.

ದೀಪಾವಳಿ ಆದ ಮ್ಯಾಲೆ ದಿನ ಗೊತ್ತು ಮಾಡವ್ರೆ. ಭಯ ಹೋಗಿಲ್ಲ. ಒಪ್ಪಿಗೆ ಪತ್ರದಲ್ಲಿ ಏನೇನು ಬರೆದೈತೆ ಅಂತ ಈ ಸಲ ಮಗಳ ಕೈಲಿ ಕನ್ನಡದಲ್ಲಿ ಓದಿಸಿ ಕೇಳಿದೀನಿ. ನಮ್ಮ ನೆಂಟರಿಷ್ಟರು ಇದ್ನ ಓದ್ತೀರ ಅಂತ ಗೊತ್ತು. ಏನಾಯ್ತು ಅಂತ ಕೇಳಿ, ಹೇಳ್ತೀನಿ. ತೆಳ್ಳಗಾದ್ಯಾ ಅಂತ ಮೊದ್ಲೇ ಕೇಳ್ಬೇಡಿ. ಮಲಗಿ ನಿದ್ದೆ ಮಾಡಿದ್ಯಾ ಅಂತ ಕೇಳಿ. ಮುಂದಿನ ಮದುವೇಲಿ ಎಲೆ ಮುಂದೆ ಕೈ ಅಡ್ಡ ಹಿಡಿದ್ರೆ, ದಮ್ಮಯ್ಯ ಅಂತೀನಿ, ಬಲವಂತ ಮಾಡ್ಬೇಡಿ.