ನಾ ಯಾರ ಮನಿ ಕಸಗೊಂಡೀನಿ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರಿಗೆಲ್ಲ ಐರ್ಲೆಂಡ್ ಎಂದರೆ ಒಂದು ಅಂಕದ ಪ್ರಶ್ನೆ. ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳನ್ನು ಎಲ್ಲಿಂದ ಪಡೆಯಲಾಗಿದೆ? ಧಾರವಾಡದ ಸಪ್ತಾಪುರದ ರೂಮಿನಲ್ಲಿ ನಾನೂ ನನ್ನ ಗೆಳೆಯನೂ ಇದನ್ನು ಬಾಯಿಪಾಠ ಮಾಡಿದ್ದೆವು. ಆಮೇಲೆ ಅವನು ಪರೀಕ್ಷೆಯ ಆಸೆ ಬಿಟ್ಟು, ಸಾಲ ಮಾಡಿ ಡಬ್ಲಿನ್‌ಗೆ ಓದಲು ಹೋದ. ನಾನು ಅದೇ ತತ್ವಗಳನ್ನು ಹಿಡಿದು ಪಿಎಚ್‌ಡಿಗೆ ಕೂತೆ. ಅವನು ಹೊರಡುವಾಗ ದೊಡ್ಡ ಭಾಷಣ ಬಿಗಿದಿದ್ದೆ: ಅದು ಜೇಮ್ಸ್ ಕನೋಲಿ ಪ್ರಾಣ ಕೊಟ್ಟ ನೆಲ, ನಮ್ಮ ಹಾಗೇ ಬ್ರಿಟಿಷರ ಕೈಲಿ ನರಳಿದ ದೇಶ, ನಿನ್ನನ್ನು ಹೊರಗಿನವನೆಂದು ನೋಡಲಾರರು.

2025ರ ಜುಲೈನಲ್ಲಿ ಡಬ್ಲಿನ್‌ನ ಟಾಲಾ ಬಡಾವಣೆಯಲ್ಲಿ ಭಾರತೀಯನೊಬ್ಬನ ಮೇಲೆ ಹಲ್ಲೆಯಾಯಿತು. ಅದರ ಹಿಂದೆಯೇ ಇನ್ನಷ್ಟು ದಾಳಿಗಳ ಸುದ್ದಿ ಬಂತು. ಎಚ್ಚರದಿಂದಿರಿ ಎಂದು ನಮ್ಮ ರಾಯಭಾರ ಕಚೇರಿ ಸೂಚನೆ ಹೊರಡಿಸಿತು. ಆ ವಾರ ಗೆಳೆಯ ಫೋನ್ ಮಾಡಿದ. ಬಸ್ಸಿನಲ್ಲಿ ಒಬ್ಬ, ನಿಮ್ಮಂಥವರು ಬಂದು ನಮಗೆ ಮನೆಯಿಲ್ಲದ ಹಾಗೆ ಮಾಡಿದಿರಿ ಎಂದು ಕೂಗಾಡಿದನಂತೆ. "ಅಲ್ಲೋ, ಒಂದು ಖೋಲ್ಯಾಗ ನಾಕು ಮಂದಿ ಅದೀವಿ. ನಾ ಯಾರ ಮನಿ ಕಸಗೊಂಡೀನಿ?" ಎಂದ. ಆಗ ಏನೂ ಹೇಳಲಾಗಲಿಲ್ಲ. ಈಗ ಹೇಳಲು ನೋಡುತ್ತೇನೆ.

ಐರ್ಲೆಂಡಿನ ಎರಡು ಹಳೆಯ ಪಕ್ಷಗಳು, ಫಿಯನಾ ಫಾಯ್ಲ್ ಮತ್ತು ಫಿನೆ ಗೇಲ್, ಬಡವ ಬಲ್ಲಿದರ ಪ್ರಶ್ನೆಯ ಮೇಲೆ ಬೇರೆಯಾದವಲ್ಲ. 1921ರಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದವನ್ನು ಒಪ್ಪಿದವರು, ಒಪ್ಪದವರು ಎಂದು ಅಂತರ್ಯುದ್ಧದಲ್ಲಿ ಒಡೆದವರ ವಾರಸುದಾರರು ಅವರು. 1932ರಿಂದ ಈಚೆಗೆ ಪ್ರಧಾನಿಯಾದ ಪ್ರತಿಯೊಬ್ಬರೂ ಈ ಎರಡರಲ್ಲಿ ಒಂದು ಪಕ್ಷದವರೇ. ಧ್ವಜ ಬದಲಾದರೆ ಸಾಲದು, ಭೂಮಿ ಮತ್ತು ಬಂಡವಾಳದ ಒಡೆತನ ಬದಲಾಗದಿದ್ದರೆ ಹಳೆಯ ಒಡೆಯರೇ ಆಳುತ್ತಾರೆ ಎಂದು ಕನೋಲಿ 1897ರಲ್ಲೇ ಎಚ್ಚರಿಸಿದ್ದರು. 1916ರ ಬಂಡಾಯದ ನಂತರ ಗಾಯಗೊಂಡಿದ್ದ ಅವರನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿಟ್ಟು ಕೊಂದರು. 1918ರ ಚುನಾವಣೆಯಲ್ಲಿ ಲೇಬರ್ ಪಕ್ಷ ಸ್ಪರ್ಧಿಸದೆ ರಾಷ್ಟ್ರೀಯತೆಗೆ ದಾರಿ ಬಿಟ್ಟಿತು. ಕೂಲಿಯ ಪ್ರಶ್ನೆ ಅಂದು ಹಿಂದಿನ ಸಾಲಿಗೆ ಸರಿದದ್ದು ಬಹಳ ಕಾಲ ಅಲ್ಲೇ ಉಳಿಯಿತು.

2008ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಸರ್ಕಾರ ದೇಶದ ದೊಡ್ಡ ಬ್ಯಾಂಕುಗಳ ಸಾಲಕ್ಕೆಲ್ಲ ತಾನೇ ಜಾಮೀನು ನಿಂತಿತು. ರಿಯಲ್ ಎಸ್ಟೇಟ್ ಜೂಜಿನಲ್ಲಿ ಮುಳುಗಿದ್ದ ಆ ಬ್ಯಾಂಕುಗಳಿಗೆ ಕಡೆಗೆ ಸುಮಾರು 6,400 ಕೋಟಿ ಯೂರೋ ಸುರಿಯಬೇಕಾಯಿತು. 2010ರಲ್ಲಿ ಐಎಂಎಫ್ ಮತ್ತು ಯುರೋಪಿನ ಮುಂದೆ ಕೈಚಾಚಿ ಸಾಲ ತಂದರು. ಜೂಜಾಡಿದವರು ಯಾರೋ, ತೀರಿಸಿದವರು ಯಾರೋ. ಸಂಬಳಕ್ಕೆ, ಪಿಂಚಣಿಗೆ, ಸರ್ಕಾರ ಕಟ್ಟಿಸುವ ಮನೆಗಳಿಗೆ ಕತ್ತರಿ ಬಿತ್ತು. ಮನೆ ಸಾಲದ ಪತ್ರಗಳು ವಿದೇಶಿ ಹೂಡಿಕೆದಾರರ ಕೈ ಸೇರಿದವು. ಆ ಕಾಲದಲ್ಲಿ ಕಟ್ಟದೇ ಉಳಿದ ಮನೆಗಳ ಕೊರತೆಯೇ ಇವತ್ತು ನನ್ನ ಗೆಳೆಯನ ಮೇಲೆ ಕೂಗಾಟವಾಗಿ ಎರಗುತ್ತಿದೆ.

ಜನ ಸುಮ್ಮನಿರಲಿಲ್ಲ. 2014ರಲ್ಲಿ ನೀರಿನ ಶುಲ್ಕದ ವಿರುದ್ಧ ಲಕ್ಷಾಂತರ ಮಂದಿ ಬೀದಿಗಿಳಿದರು, ಶುಲ್ಕ ನಿಂತಿತು. 2016ರ ಚುನಾವಣೆಯ ನಂತರ ಸರ್ಕಾರ ರಚಿಸಲು 70 ದಿನ ಬೇಕಾಯಿತು. 2020ರಲ್ಲಿ ಮನೆ ಮತ್ತು ಆಸ್ಪತ್ರೆಯ ಪ್ರಶ್ನೆ ಎತ್ತಿದ ಶಿನ್ ಫೇನ್‌ಗೆ ಮೊದಲ ಪ್ರಾಶಸ್ತ್ಯದ ಮತಗಳು ಎಲ್ಲರಿಗಿಂತ ಹೆಚ್ಚು ಬಂದವು. ನಾಲ್ಕೂವರೆ ತಿಂಗಳ ಬಿಕ್ಕಟ್ಟಿನ ನಂತರ, ಸುಮಾರು ನೂರು ವರ್ಷ ಹಗೆ ಸಾಧಿಸಿದ್ದ ಆ ಎರಡು ಪಕ್ಷಗಳು ಗ್ರೀನ್ ಪಕ್ಷವನ್ನು ಸೇರಿಸಿಕೊಂಡು ಒಂದೇ ಸಂಪುಟದಲ್ಲಿ ಕೂತವು. ಪತ್ರಿಕೆಗಳು ಇದನ್ನು ಬಿಕ್ಕಟ್ಟಿನ ಅಂತ್ಯ ಎಂದರೂ ನನಗೆ ಅದು ಬಿಕ್ಕಟ್ಟಿನ ಮುಂದುವರಿಕೆ. ಸರ್ಕಾರ ಸಿಕ್ಕಿತು, ಬದಲಾವಣೆ ಸಿಗಲಿಲ್ಲ. ತಪ್ಪು ಎಡದವರದೂ ಇದೆ. 2011ರಲ್ಲಿ ಫಿನೆ ಗೇಲ್ ಜೊತೆ ಸೇರಿ ಆ ಕಡಿತಗಳಿಗೆ ಸಹಿ ಹಾಕಿದ ಲೇಬರ್ ಪಕ್ಷ ಐದು ವರ್ಷದಲ್ಲಿ 37 ಸ್ಥಾನಗಳಿಂದ 7ಕ್ಕೆ ಕುಸಿಯಿತು.

ಹಣವಿಲ್ಲ ಎನ್ನೋಣವೇ? ಆಪಲ್ ಕಂಪನಿಯಿಂದ 1,300 ಕೋಟಿ ಯೂರೋ ತೆರಿಗೆ ವಸೂಲಿ ಮಾಡಿ ಎಂದು ಯುರೋಪಿಯನ್ ಆಯೋಗ 2016ರಲ್ಲಿ ಹೇಳಿದಾಗ, ನಮಗೆ ಬೇಡ ಎಂದು ಐರಿಷ್ ಸರ್ಕಾರವೇ ಕೋರ್ಟಿಗೆ ಹೋಯಿತು. 2024ರಲ್ಲಿ ಸೋತು, ಆ ಹಣ ತೆಗೆದುಕೊಳ್ಳಬೇಕಾಯಿತು. ಮರುವರ್ಷ ತುರ್ತು ವಸತಿಯಲ್ಲಿರುವ ಮನೆಯಿಲ್ಲದವರ ಸಂಖ್ಯೆ 15,000 ದಾಟಿತು.

ನನ್ನ ಪ್ರಬಂಧದ ಗಂಟೂ ಇಲ್ಲೇ ಇದೆ. ಐರಿಷ್ ಸಂವಿಧಾನದ 45ನೇ ವಿಧಿ ಜನರ ಒಳಿತಿನ ಬಗ್ಗೆ ಒಳ್ಳೆಯ ಮಾತುಗಳನ್ನಾಡುತ್ತದೆ, ಆದರೆ ಅವನ್ನು ಹಿಡಿದು ಕೋರ್ಟಿಗೆ ಹೋಗುವಂತಿಲ್ಲ ಎನ್ನುತ್ತದೆ. ಮಂಗಳೂರಿನವರಾದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದಾಗ 1947ರಲ್ಲಿ ಡಬ್ಲಿನ್‌ಗೆ ಹೋಗಿ ಬಂದವರು. ನಮ್ಮ ನಿರ್ದೇಶಕ ತತ್ವಗಳೂ ಹಾಗೇ ಬಂದವು, ಕೋರ್ಟಿನ ಬಾಗಿಲ ಹೊರಗೆ ನಿಂತೇ ಬಂದವು. ಕೇಳುವ ಹಕ್ಕಿಲ್ಲದ ಭರವಸೆಯನ್ನು ಜನರೇ ಚಳವಳಿ ಮಾಡಿ ಈಡೇರಿಸಿಕೊಳ್ಳಬೇಕು. ಅದಾಗದ ಕಡೆ ಸಿಟ್ಟು ಪಕ್ಕದ ಸೀಟಿನವನ ಮೇಲೆ ತಿರುಗುತ್ತದೆ.

ಇದನ್ನೆಲ್ಲ ಮೊನ್ನೆ ಅವನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ನನ್ನ ಹಳೆಯ ಭಾಷಣವನ್ನು ನೆನಪಿಸಿ ಹಂಗಿಸಬಹುದಿತ್ತು, ಹಂಗಿಸಲಿಲ್ಲ.

"ಹಂಗಾರ ಬಸ್ಸಿನ್ಯಾಗ ಬೈದಾಂವಗೂ ಮನಿ ಇರ್ಲಿಕ್ಕಿಲ್ಲ ನೋಡು" ಎಂದ.